ಬೀಜದ ಗುರುತಿಗೆ ಎಂಥ ಚಿತ್ರ: ಮೊಬೈಲ್, ಸ್ಕ್ಯಾನರ್, ಮ್ಯಾಕ್ರೋ ಲೆನ್ಸ್‌ಗಳ ಹೋಲಿಕೆ

ಪತ್ತನಾಜೆ ಕಳೆದು ಮೊದಲ ಮಳೆ ಬೀಳುವ ಹೊತ್ತಿಗೆ ಉಡುಪಿ ಮತ್ತು ದಕ್ಷಿಣ ಕನ್ನಡದ ಮನೆಗಳಲ್ಲಿ ತರಕಾರಿ ಬೀಜಗಳು ಕೈಯಿಂದ ಕೈಗೆ ಹೋಗತೊಡಗುತ್ತವೆ. ಕಾಗದದ ಪೊಟ್ಟಣದಲ್ಲಿ, ಗೆರಟೆಯಲ್ಲಿ, ಮಾತ್ರೆಯ ಹಳೆಯ ಡಬ್ಬಿಯಲ್ಲಿ ಬರುವ ಈ ಬೀಜಗಳ ಮೇಲೆ ಹೆಸರು ಬರೆದಿರುವುದು ಅಪರೂಪ. ಕೊಡುವವರಿಗೆ ನೋಡಿದ ಕೂಡಲೇ ತಿಳಿಯುವುದರಿಂದ ಬರೆದಿಡುವ ಅಗತ್ಯ ಅವರಿಗೆ ಕಾಣುವುದಿಲ್ಲ. ಪಡೆಯುವವರು ಹೊಸಬರಾಗಿದ್ದರೆ ಎರಡು ಪೊಟ್ಟಣ ಬಿಚ್ಚುವಷ್ಟರಲ್ಲಿ ಯಾವುದು ಯಾವುದೆಂದು ತಿಳಿಯದೆ ಕೈಚೆಲ್ಲುತ್ತಾರೆ. ಹೀರೆಯೆಂದು ಹಾಕಿದ ಚಪ್ಪರದಲ್ಲಿ ತುಪ್ಪದ ಹೀರೆ ಹಬ್ಬಿದ ಮೇಲೆ ಮಾತ್ರ ವ್ಯತ್ಯಾಸ ಅವರ ಅರಿವಿಗೆ ಬರುತ್ತದೆ. ಇಂಥವರಿಗಾಗಿ ಬೀಜಗಳ ಚಿತ್ರ ತೆಗೆದು ಹೆಸರಿನೊಂದಿಗೆ ಜೋಡಿಸಿಡುವುದು ನಿಜವಾಗಿಯೂ ಉಪಕಾರದ ಕೆಲಸ. ಆ ಕೆಲಸಕ್ಕೆ ಕೈಹಾಕುವವರು ಮೊದಲು ಕೇಳುವ ಪ್ರಶ್ನೆ, ಯಾವ ಸಾಧನ ಕೊಳ್ಳಬೇಕು ಎಂಬುದು. ಮೊಬೈಲ್ ಸಾಕೇ, ಅದಕ್ಕೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಬೇಕೇ, ಕಚೇರಿಯ ಸ್ಕ್ಯಾನರ್ ಆದೀತೇ, ಅಥವಾ ಕ್ಯಾಮೆರಾಕ್ಕೆ ಅತಿ ಹತ್ತಿರದ ಚಿತ್ರ ತೆಗೆಯುವ ಮ್ಯಾಕ್ರೋ ಲೆನ್ಸನ್ನೇ ತರಬೇಕೇ ಎಂದು ಅವರು ವಿಚಾರಿಸುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ಉತ್ತರ ಸಾಧನದಲ್ಲಿಲ್ಲ, ಬೀಜಗಳ ಜೋಡಿಯಲ್ಲಿದೆ. ಹೊಸಬರು ಒಂದು ಬೀಜವನ್ನು ಅದರಷ್ಟಕ್ಕೇ ನೋಡಿ ಗುರುತಿಸುವುದಿಲ್ಲ. ಇದು ಮೆಣಸಿನಕಾಯಿಯೋ ಬದನೆಯೋ, ಹರಿವೆಯೋ ಕಾಮಕಸ್ತೂರಿಯೋ ಎಂದು ಎರಡರ ನಡುವೆ ತಡವರಿಸುತ್ತಾರೆ. ಆ ಎರಡನ್ನು ಬೇರ್ಪಡಿಸುವ ಲಕ್ಷಣ ಯಾವುದು, ಅದು ಎಷ್ಟು ಸಣ್ಣದು, ಅದು ಅಂಚಿನಲ್ಲಿದೆಯೇ ಮೈಮೇಲಿದೆಯೇ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ಸಾಧನದ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಹಿಗ್ಗಿಸುವ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಇಲ್ಲಿ ಬದಿಗಿಡಬೇಕು. ಪರದೆ ತುಂಬ ಹಿಗ್ಗಿಸಿದ ಒಂದೇ ಒಂದು ಸಾಸಿವೆ ಕಾಳು ನೋಡಲು ಚೆಂದವಾಗಿರುತ್ತದೆ, ಆದರೆ ಅದೇ ಬಳಗದ ಮೂಲಂಗಿಯ ಬೀಜದಿಂದ ಅದನ್ನು ಬೇರ್ಪಡಿಸುವ ಮುಖ್ಯ ಗುರುತಾದ ಗಾತ್ರವನ್ನೇ ಆ ಚಿತ್ರ ಅಳಿಸಿಹಾಕಿರುತ್ತದೆ.

ಚಿತ್ರವು ತೋರಿಸಬೇಕಾದದ್ದು

ಬದನೆ, ಮೆಣಸು, ಟೊಮೆಟೊ ಈ ಮೂರನ್ನೇ ತೆಗೆದುಕೊಳ್ಳೋಣ. ಮೂರೂ ಒಂದೇ ಕುಟುಂಬದವು. ಮೂರರ ಬೀಜಗಳೂ ಚಪ್ಪಟೆಯಾಗಿ, ಸುಮಾರು 3ರಿಂದ 4 ಮಿಲಿಮೀಟರ್ ಅಗಲವಾಗಿ, ಹಳದಿಯ ಒಂದಲ್ಲ ಒಂದು ಛಾಯೆಯಲ್ಲಿರುತ್ತವೆ. ಕೈಯಲ್ಲಿ ಹಿಡಿದು ನೋಡಿದರೆ ಟೊಮೆಟೊ ಬೀಜದ ಮೈಮೇಲೆ ಬೂದು ಬಣ್ಣದ ನವಿರಾದ ರೋಮವಿರುತ್ತದೆ. ಬದನೆಯ ಬೀಜ ನುಣುಪಾಗಿ, ಕಂದುಹಳದಿಯಾಗಿ, ತುಸು ಹೊಳಪಿನಿಂದ ಕೂಡಿರುತ್ತದೆ. ಮೆಣಸಿನ ಬೀಜ ತಿಳಿಹಳದಿಯಾಗಿ, ತೆಳ್ಳಗೆ, ಒಂದು ಬದಿಯಲ್ಲಿ ಸಣ್ಣ ಮೂತಿಯಂಥ ಚಾಚಿನೊಂದಿಗೆ ಇರುತ್ತದೆ. ಬಿಳಿ ಕಾಗದದ ಮೇಲೆ, ಮೇಲಿನಿಂದ ಬೀಳುವ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇವುಗಳ ಚಿತ್ರ ತೆಗೆದರೆ ರೋಮವೂ ಕಾಣುವುದಿಲ್ಲ, ಮೂತಿಯೂ ಕಾಣುವುದಿಲ್ಲ. ಮೂರು ಹಳದಿ ಚುಕ್ಕೆಗಳಷ್ಟೇ ಉಳಿಯುತ್ತವೆ. ಅದೇ ಬೀಜಗಳನ್ನು ಕಪ್ಪು ಕಾಗದದ ಮೇಲಿಟ್ಟು ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಮಾಡಿದರೆ ಟೊಮೆಟೊ ಬೀಜದ ಸುತ್ತ ರೋಮದ ಮಸುಕಾದ ಅಂಚು ಸ್ಪಷ್ಟವಾಗಿ ಎದ್ದು ಬರುತ್ತದೆ. ಇಲ್ಲಿ ಸಾಧನ ಬದಲಾಗಿಲ್ಲ, ಬೆಳಕು ಮತ್ತು ಹಿನ್ನೆಲೆಯಷ್ಟೇ ಬದಲಾಗಿವೆ. ಅಂಗಡಿಯ ಟೊಮೆಟೊ ಬೀಜವನ್ನು ಸಂಸ್ಕರಿಸುವಾಗ ರೋಮ ಉದುರಿಹೋಗಿರಬಹುದು ಎಂಬುದನ್ನೂ ಚಿತ್ರದ ಅಡಿಯಲ್ಲಿ ಬರೆಯುವುದು ಒಳ್ಳೆಯದು.

ಈ ಮೂರರ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಲೇಬೇಕು, ಅದು ಉಮ್ಮತ್ತ, ಅಂದರೆ ದತ್ತೂರ. ಹಿತ್ತಿಲಿನಲ್ಲಿ, ರಸ್ತೆಯಂಚಿನಲ್ಲಿ ತಾನಾಗಿಯೇ ಬೆಳೆಯುವ ಈ ಗಿಡದ ಬೀಜ ವಿಷಕಾರಿ, ಮತ್ತು ಮೇಲ್ನೋಟಕ್ಕೆ ಅದು ಮೆಣಸಿನ ಬೀಜವನ್ನು ಹೋಲುತ್ತದೆ. ನಮ್ಮ ದೇಶದ ನ್ಯಾಯವೈದ್ಯಶಾಸ್ತ್ರದ ಪಠ್ಯಗಳಲ್ಲಿ ಇವೆರಡನ್ನು ಬೇರ್ಪಡಿಸುವ ಕೋಷ್ಟಕವೇ ಇರುತ್ತದೆ. ಉಮ್ಮತ್ತದ ಬೀಜ ದಪ್ಪವಾಗಿ, ಮೂತ್ರಪಿಂಡದ ಆಕಾರದಲ್ಲಿ, ಕಂದು ಛಾಯೆಯಲ್ಲಿರುತ್ತದೆ. ಅದರ ಮೈಯಲ್ಲಿ ಸಣ್ಣ ಗುಳಿಗಳಿರುತ್ತವೆ, ಅಂಚು ಎರಡು ಏಣುಗಳಿಂದ ಕೂಡಿರುತ್ತದೆ. ಮೆಣಸಿನ ಬೀಜ ತೆಳ್ಳಗೆ, ದುಂಡಗೆ, ನಯವಾಗಿದ್ದು ಅದರ ಅಂಚು ಒಂದೇ ಮತ್ತು ಚೂಪು. ಏಣು ಒಂದೋ ಎರಡೋ ಎಂಬುದು ಬೀಜವನ್ನು ಮಲಗಿಸಿ ಮೇಲಿನಿಂದ ತೆಗೆದ ಚಿತ್ರದಲ್ಲಿ ತಿಳಿಯುವುದೇ ಇಲ್ಲ. ಬೀಜವನ್ನು ಅಂಟುಮಣ್ಣಿನ ಚಿಕ್ಕ ಉಂಡೆಯಲ್ಲಿ ನಿಲ್ಲಿಸಿ ಅಂಚಿನ ಕಡೆಯಿಂದ ಇನ್ನೊಂದು ಚಿತ್ರ ತೆಗೆಯಬೇಕು. ಬಾಯಿಗೆ ಹಾಕಿ ಖಾರ ನೋಡುವ ಹಳೆಯ ಅಭ್ಯಾಸವನ್ನು ಹೊಸಬರಿಗೆ ಯಾರೂ ಹೇಳಿಕೊಡಬಾರದು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ನಂಬಿ ಯಾವ ಅಪರಿಚಿತ ಬೀಜವನ್ನೂ ತಿನ್ನಬಾರದು.

ಹೀಗೆ ಮಲಗಿಸಿದ ನೋಟ, ನಿಲ್ಲಿಸಿದ ನೋಟ, ಅಳತೆ, ಮೈಯ ಗುಣ ಇಷ್ಟೂ ಬೇಕಾಗುತ್ತವೆ. ದ್ವಿದಳ ಧಾನ್ಯವಾದರೆ ಬೀಜವು ಕೋಡಿಗೆ ಅಂಟಿಕೊಂಡಿದ್ದ ಜಾಗ, ಅಂದರೆ ಬೀಜದ ಕಣ್ಣು ಕಾಣಲೇಬೇಕು. ಅವರೆಯನ್ನು ಅಲಸಂಡೆಯಿಂದ ಬೇರ್ಪಡಿಸುವುದು ಬೀಜದ ಅಂಚಿನುದ್ದಕ್ಕೂ ಎದ್ದು ಕಾಣುವ ಅದರ ಬಿಳಿಯ ಕಣ್ಣೇ. ಇನ್ನು ಒಂದೇ ಬೀಜದ ಚಿತ್ರವನ್ನು ನಾನು ಯಾವತ್ತೂ ಸಲಹೆ ಮಾಡುವುದಿಲ್ಲ. ಜೊಳ್ಳು, ಬಲಿಯದ್ದು, ಮುರುಟಿದ್ದು ಎಲ್ಲ ಪೊಟ್ಟಣದಲ್ಲೂ ಇರುತ್ತವೆ. ಎಂಟು ಹತ್ತು ಬೀಜಗಳು ಒಂದೇ ಚೌಕಟ್ಟಿನಲ್ಲಿದ್ದರೆ ಯಾವುದು ಸಹಜ ರೂಪ, ಯಾವುದು ಅಪವಾದ ಎಂದು ನೋಡುವವರಿಗೆ ತಾನಾಗಿಯೇ ತಿಳಿಯುತ್ತದೆ.

ಮೊಬೈಲ್ ಒಂದೇ ಇದ್ದರೆ

ಹೆಚ್ಚಿನವರ ಕೈಯಲ್ಲಿರುವ ಮೊಬೈಲಿನ ಮುಖ್ಯ ಕ್ಯಾಮೆರಾ ಸುಮಾರು 10 ಸೆಂಟಿಮೀಟರ್‌ಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಆ ದೂರದಿಂದ ತೆಗೆದ 12 ಮೆಗಾಪಿಕ್ಸೆಲ್‌ನ ಚಿತ್ರದಲ್ಲಿ ಒಂದು ಮಿಲಿಮೀಟರಿಗೆ ಸುಮಾರು 30 ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಚುಕ್ಕೆಗಳು, ಸಿಗುತ್ತವೆ. ಬೀಜದ ಉದ್ದ ಚಿತ್ರದಲ್ಲಿ ಕನಿಷ್ಠ 100 ಪಿಕ್ಸೆಲ್ ಇದ್ದರೆ ಆಕಾರ ತಿಳಿಯುತ್ತದೆ, 200 ದಾಟಿದರೆ ಮೈಯ ಗುಣವೂ ತಿಳಿಯುತ್ತದೆ ಎಂಬುದು ನಾನು ಇಟ್ಟುಕೊಂಡಿರುವ ಅಂದಾಜು. ಈ ಲೆಕ್ಕದಂತೆ ಹೀರೆ, ಹಾಗಲ, ಪಡುವಲ, ಚೀನಿಕಾಯಿ, ಸೋರೆ, ಅಲಸಂಡೆಗಳಿಗೆ ಮೊಬೈಲ್ ಧಾರಾಳವಾಗಿ ಸಾಕು. ಸುಮಾರು 5 ಮಿಲಿಮೀಟರಿನ ಬೆಂಡೆಗೂ ಸಾಕು. ಮೆಣಸು ಮತ್ತು ಬದನೆಯ ಆಕಾರ ತಿಳಿದೀತು, ಮೈ ಸ್ಪಷ್ಟವಾಗದು. ಒಂದು ಮಿಲಿಮೀಟರಿನ ಹರಿವೆ ಬೀಜ 30 ಪಿಕ್ಸೆಲ್‌ನ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ.

ಕಡಿಮೆ ಬೆಲೆಯ ಮೊಬೈಲ್‌ಗಳಲ್ಲಿ ಪ್ರತ್ಯೇಕವಾಗಿ ಕೊಡುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾವನ್ನು ನಾನು ಈ ಕೆಲಸಕ್ಕೆ ಬಳಸುವುದಿಲ್ಲ. ಮುಖ್ಯ ಕ್ಯಾಮೆರಾದಿಂದ ತೆಗೆದು ಬೇಕಾದಷ್ಟನ್ನು ಕತ್ತರಿಸಿಕೊಂಡರೆ ಅದಕ್ಕಿಂತ ಚೆನ್ನಾದ ಚಿತ್ರ ದೊರೆಯುತ್ತದೆ. ದುಬಾರಿ ಮೊಬೈಲ್‌ಗಳಲ್ಲಿ ಅಗಲ ನೋಟದ ಕ್ಯಾಮೆರಾವೇ ಕೆಲವು ಸೆಂಟಿಮೀಟರ್ ಹತ್ತಿರಕ್ಕೆ ಫೋಕಸ್ ಆಗುತ್ತದೆ. ಅದು ನಿಜವಾಗಿಯೂ ಉಪಯುಕ್ತ, ಆದರೆ ಅಷ್ಟು ಹತ್ತಿರ ಹೋದಾಗ ಮೊಬೈಲಿನ ನೆರಳೇ ಬೀಜದ ಮೇಲೆ ಬೀಳುವುದನ್ನು ಗಮನಿಸಬೇಕು.

ಮೊಬೈಲನ್ನು ಕೈಯಲ್ಲಿ ಹಿಡಿಯಬಾರದು. ಒಂದೇ ಎತ್ತರದ ಎರಡು ಸ್ಟೀಲ್ ಲೋಟಗಳ ಮೇಲೆ ಅಡ್ಡಲಾಗಿಟ್ಟು, ಪರದೆಯ ಮೇಲೆ ಬೀಜವಿರುವಲ್ಲಿ ಬೆರಳನ್ನು ಒತ್ತಿ ಹಿಡಿದು ಫೋಕಸನ್ನು ಸ್ಥಿರಗೊಳಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆದರೆ ಅಲುಗಾಟದ ತೊಂದರೆ ಇರುವುದಿಲ್ಲ. ಫ್ಲಾಶ್ ಬೇಡವೇ ಬೇಡ.

ಕ್ಲಿಪ್ ಲೆನ್ಸ್

ಕೆಲವು ನೂರು ರೂಪಾಯಿಗೆ ಸಿಗುವ ಈ ಚಿಕ್ಕ ಮಸೂರ ಮೊಬೈಲಿನ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಚೌಕಟ್ಟಿನ ಅಗಲ ಎರಡು ಸೆಂಟಿಮೀಟರಿಗೆ ಇಳಿದರೆ ಒಂದು ಮಿಲಿಮೀಟರಿಗೆ ಸುಮಾರು 200 ಪಿಕ್ಸೆಲ್ ಸಿಗುತ್ತದೆ, ಹರಿವೆಯ ಬೀಜವೂ ತನ್ನ ರೂಪವನ್ನು ತೋರಿಸುತ್ತದೆ. ಹರಿವೆ ಮತ್ತು ಕಾಮಕಸ್ತೂರಿ ಇವೆರಡೂ ಹೊಸಬರಿಗೆ ಕಪ್ಪು ಸಣ್ಣ ಕಾಳುಗಳಾಗಿಯೇ ಕಾಣುತ್ತವೆ. ಹತ್ತಿರದ ಚಿತ್ರದಲ್ಲಿ ಹರಿವೆಯ ಬೀಜ ದುಂಡಗೆ, ಎರಡು ಬದಿಯೂ ಉಬ್ಬಿ, ಕನ್ನಡಿಯಂತೆ ಹೊಳೆಯುವುದೂ, ಕಾಮಕಸ್ತೂರಿ ಉದ್ದುರುಟಾಗಿ ಮಂಕಾಗಿರುವುದೂ ಒಂದೇ ನೋಟಕ್ಕೆ ತಿಳಿಯುತ್ತವೆ. ಈ ಜೋಡಿಗೆ ಇನ್ನೊಂದು ಚಿತ್ರವನ್ನೂ ಸೇರಿಸಬಹುದು: ಎರಡನ್ನೂ ಎರಡು ಚಮಚ ನೀರಿನಲ್ಲಿ ಹಾಕಿ ಕೆಲವು ನಿಮಿಷ ಬಿಟ್ಟರೆ ಕಾಮಕಸ್ತೂರಿಯ ಸುತ್ತ ಪಾರದರ್ಶಕವಾದ ಲೋಳೆಯ ಪದರ ಊದಿಕೊಳ್ಳುತ್ತದೆ, ಹರಿವೆ ಇದ್ದಂತೆಯೇ ಇರುತ್ತದೆ. ನೆನೆಸಿದ ಮೇಲಿನ ಈ ಚಿತ್ರಕ್ಕೆ ಯಾವ ಮಸೂರವೂ ಬೇಕಿಲ್ಲ.

ಕ್ಲಿಪ್ ಲೆನ್ಸಿನ ದೋಷಗಳು ಎರಡು. ಚೌಕಟ್ಟಿನ ನಡುಭಾಗ ಮಾತ್ರ ಸ್ಪಷ್ಟವಾಗಿದ್ದು ಅಂಚು ಮಸುಕಾಗಿ ಬಾಗುತ್ತದೆ, ಆದ್ದರಿಂದ ಅಳತೆಯ ಗೆರೆಯನ್ನು ಅಂಚಿನಲ್ಲಿಟ್ಟರೆ ಲೆಕ್ಕ ತಪ್ಪುತ್ತದೆ. ಬೀಜದ ಪಕ್ಕದಲ್ಲೇ ಇಡಬೇಕು. ಎರಡನೆಯದಾಗಿ, ಸ್ಪಷ್ಟವಾಗಿ ಕಾಣುವ ಆಳ ಬಹಳ ಕಡಿಮೆ. ಬೆಂಡೆಯಂಥ ಉರುಟು ಬೀಜದ ನೆತ್ತಿ ಸ್ಪಷ್ಟವಾದರೆ ಸುತ್ತಲಿನ ಅಂಚು ಮಸುಕಾಗುತ್ತದೆ. ಅಂಥ ಬೀಜಕ್ಕೆ ಮಸೂರವನ್ನು ತೆಗೆದಿಟ್ಟು ಬರೀ ಮೊಬೈಲಿನಲ್ಲೇ ತೆಗೆಯುವುದು ಉತ್ತಮ.

ಸ್ಕ್ಯಾನರ್: ಮರೆತುಹೋದ ಒಳ್ಳೆಯ ಆಯ್ಕೆ

ಚಪ್ಪಟೆ ಗಾಜಿನ ಸ್ಕ್ಯಾನರ್ ಎಂದರೆ ಕಾಗದಪತ್ರಕ್ಕಷ್ಟೇ ಎಂದು ಭಾವಿಸಿರುವುದರಿಂದ ಬೀಜದ ಚಿತ್ರಕ್ಕೆ ಇದನ್ನು ಯೋಚಿಸುವವರು ಕಡಿಮೆ. ಒಂದು ಊರಿನ ಅಥವಾ ಒಂದು ಶಾಲೆಯ ತೋಟದ ಎಲ್ಲ ಬೀಜಗಳ ಸಂಗ್ರಹವನ್ನು ಮಾಡಹೊರಟವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. 1200 ಡಿಪಿಐ ಎಂದು ಹೊಂದಿಸಿದರೆ ಒಂದು ಅಂಗುಲಕ್ಕೆ 1200 ಪಿಕ್ಸೆಲ್, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 47 ಪಿಕ್ಸೆಲ್. 2400 ಎಂದರೆ ಅದರ ಎರಡರಷ್ಟು. ಈ ಸಂಖ್ಯೆ ಇವತ್ತಿನ ಚಿತ್ರದಲ್ಲೂ ಮುಂದಿನ ವರ್ಷದ ಚಿತ್ರದಲ್ಲೂ ಬದಲಾಗುವುದಿಲ್ಲ. ಬೆಳಕೂ ಬದಲಾಗುವುದಿಲ್ಲ. ಆಟಿ ತಿಂಗಳ ಕತ್ತಲೆಯ ಮಧ್ಯಾಹ್ನ ತೆಗೆದದ್ದೂ, ಏಪ್ರಿಲ್‌ನ ಬಿಸಿಲಿನಲ್ಲಿ ತೆಗೆದದ್ದೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಯೋಗ್ಯವಾಗಿರುತ್ತವೆ. ಹೋಲಿಕೆಗೆಂದೇ ಮಾಡುವ ಚಿತ್ರಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಬೀಜಗಳನ್ನು ನೇರವಾಗಿ ಗಾಜಿನ ಮೇಲೆ ಸುರಿಯಬಾರದು, ಗೀರು ಬೀಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ, ಅದರ ಮೇಲೆ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮುಚ್ಚಳವನ್ನು ಮುಚ್ಚದೆ, ಒಳಗಡೆ ನೀಲಿ ಅಥವಾ ಕಪ್ಪು ಕಾಗದ ಅಂಟಿಸಿದ ಮಿಠಾಯಿ ಡಬ್ಬಿಯನ್ನು ಮೇಲಿಂದ ಕವುಚಿ ಹಾಕಿದರೆ ಹಿನ್ನೆಲೆ ಸಮನಾಗಿ ಬರುತ್ತದೆ. ಹಾಗಲದ ಬೀಜದ ಕೆತ್ತನೆಯಂಥ ಮೈ ಮತ್ತು ಹಲ್ಲುಹಲ್ಲಾದ ತುದಿ, ಪಡುವಲದ ಅಲೆಯಲೆಯಾದ ಅಂಚು, ಸೋರೆಯ ಉದ್ದನೆಯ ಮೈಮೇಲಿನ ಏಣುಗಳು ಮತ್ತು ಮೊಂಡಾದ ತುದಿ, ಚೀನಿಕಾಯಿ ಬೀಜದ ಸುತ್ತಲಿನ ದಪ್ಪ ಅಂಚು, ಇವೆಲ್ಲ ಸ್ಕ್ಯಾನರಿನಲ್ಲಿ ಬಹಳ ಚೆನ್ನಾಗಿ ಮೂಡುತ್ತವೆ. ಬಳ್ಳಿ ತರಕಾರಿಗಳ ಬೀಜಗಳು ಹೆಚ್ಚಾಗಿ ಚಪ್ಪಟೆಯಾಗಿರುವುದೇ ಇದಕ್ಕೆ ಕಾರಣ.

ಆದರೆ ಕೊಳ್ಳುವ ಮುಂಚೆ ಒಂದನ್ನು ತಿಳಿದಿರಬೇಕು. ಸ್ಕ್ಯಾನರ್‌ಗಳಲ್ಲಿ ಬೆಳಕನ್ನು ಚಿತ್ರವಾಗಿಸುವ ಸಂವೇದಕಗಳು ಸಿಐಎಸ್ ಮತ್ತು ಸಿಸಿಡಿ ಎಂದು ಎರಡು ಬಗೆಯವು. ಈಗ ಮನೆ ಮತ್ತು ಸಣ್ಣ ಕಚೇರಿಗಳಲ್ಲಿರುವ, ಪ್ರಿಂಟರಿನೊಂದಿಗೇ ಬರುವ ತೆಳ್ಳಗಿನ ಸ್ಕ್ಯಾನರ್‌ಗಳು ಹೆಚ್ಚಾಗಿ ಸಿಐಎಸ್ ಬಗೆಯವು. ಅವು ಗಾಜಿಗೆ ತಾಗಿದ ಭಾಗವನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತವೆ. ಅಲಸಂಡೆ, ಬೆಂಡೆ, ಬಸಳೆಗಳ ಉರುಟು ಮೈ ಅವುಗಳಲ್ಲಿ ಮಸುಕಾಗುತ್ತದೆ. ಸಿಸಿಡಿ ಬಗೆಯದು ಗಾತ್ರದಲ್ಲಿ ದೊಡ್ಡದು, ಬೆಲೆಯಲ್ಲಿ ಹೆಚ್ಚು, ಆದರೆ ಗಾಜಿನಿಂದ ಕೆಲವು ಮಿಲಿಮೀಟರ್ ಮೇಲಿರುವುದನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಳೆಯ ದಪ್ಪ ಸ್ಕ್ಯಾನರ್ ಯಾರಲ್ಲಾದರೂ ಮೂಲೆ ಸೇರಿದ್ದರೆ ಅದನ್ನು ಕೇಳಿ ತರುವುದು ಹೊಸ ತೆಳ್ಳಗಿನದನ್ನು ಕೊಳ್ಳುವುದಕ್ಕಿಂತ ಮೇಲು.

ಹೀರೆ ಮತ್ತು ತುಪ್ಪದ ಹೀರೆಯ ಜೋಡಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪ್ರತಿಯೊಂದು ಸಾಧನದ ಮಿತಿಯನ್ನೂ ಇದು ತೋರಿಸಿಕೊಡುತ್ತದೆ. ಎರಡೂ ಕಪ್ಪು, ಎರಡೂ ಚಪ್ಪಟೆ, ಉದ್ದವೂ ಹೆಚ್ಚುಕಡಿಮೆ ಒಂದೇ. ಹೀರೆಯ ಬೀಜದ ಮೈಯಲ್ಲಿ ಗುಳಿಗಳೂ ಸುಕ್ಕುಗಳೂ ಇರುತ್ತವೆ, ಅಂಚಿನಲ್ಲಿ ರೆಕ್ಕೆಯಿರುವುದಿಲ್ಲ. ತುಪ್ಪದ ಹೀರೆಯ ಬೀಜ ನಯವಾಗಿದ್ದು ಸುತ್ತಲೂ ತೆಳುವಾದ ರೆಕ್ಕೆಯಂಥ ಅಂಚಿರುತ್ತದೆ. ಅಂಚನ್ನು ಸ್ಕ್ಯಾನರ್ ಚೆನ್ನಾಗಿ ತೋರಿಸುತ್ತದೆ, ಆದರೆ ಕಪ್ಪು ಮೈಯ ಗುಳಿಗಳನ್ನು ಮಂಕಾಗಿಸುತ್ತದೆ. ಕಿಟಕಿಯ ಬೆಳಕು ತಗ್ಗಿನಿಂದ, ಮೇಜಿನ ಮಟ್ಟದಲ್ಲೇ ಓರೆಯಾಗಿ ಬಿದ್ದಾಗ ಮೊಬೈಲಿನಲ್ಲಿ ತೆಗೆದರೆ ಒಂದೊಂದು ಗುಳಿಯೂ ತನ್ನದೇ ನೆರಳಿನಿಂದ ಎದ್ದು ಕಾಣುತ್ತದೆ. ಆದ್ದರಿಂದ ಈ ಜೋಡಿಗೆ ಸ್ಕ್ಯಾನರಿನ ಒಂದು ಚಿತ್ರ ಮತ್ತು ಮೊಬೈಲಿನ ಒಂದು ಚಿತ್ರ ಎರಡೂ ಇದ್ದರೆ ಹೊಸಬರಿಗೆ ಸಂಶಯ ಉಳಿಯುವುದಿಲ್ಲ. ಒಂದನ್ನೇ ಆರಿಸಬೇಕೆಂದರೆ ಓರೆ ಬೆಳಕಿನ ಮೊಬೈಲ್ ಚಿತ್ರವನ್ನೇ ನಾನು ಆರಿಸುತ್ತೇನೆ.

ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್

ಗುಣಮಟ್ಟದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸಂವೇದಕವುಳ್ಳ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸಿನಿಂದ ವಸ್ತುವಿನ ನಿಜಗಾತ್ರವನ್ನೇ ಸಂವೇದಕದ ಮೇಲೆ ಮೂಡಿಸಿದರೆ ಒಂದು ಮಿಲಿಮೀಟರಿಗೆ ಸುಮಾರು 250 ಪಿಕ್ಸೆಲ್ ಸಿಗುತ್ತದೆ, ಅದೂ ಅಂಚಿನಿಂದ ಅಂಚಿನವರೆಗೆ ಸ್ಪಷ್ಟವಾಗಿ. ಆದರೆ ಆ ಮಟ್ಟದಲ್ಲಿ ಸ್ಪಷ್ಟತೆಯ ಆಳ ಒಂದು ಮಿಲಿಮೀಟರಿನ ಆಸುಪಾಸಿನಲ್ಲಷ್ಟೇ ಇರುವುದರಿಂದ ಉರುಟು ಬೀಜಗಳಿಗೆ ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತಾ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿ ಬೆಸೆಯಬೇಕಾಗುತ್ತದೆ. ಟ್ರೈಪಾಡ್, ದೀಪ, ಸಮಯ, ತಾಳ್ಮೆ ಎಲ್ಲವೂ ಬೇಕು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಎಕ್ಸ್‌ಟೆನ್ಶನ್ ಟ್ಯೂಬ್ ಕಡಿಮೆ ಖರ್ಚಿನಲ್ಲಿ ಇದರ ಸಮೀಪಕ್ಕೆ ತಂದುಕೊಡುತ್ತದೆ. ಈಗಾಗಲೇ ಕ್ಯಾಮೆರಾ ಇರುವವರು ಮೊದಲು ಇದನ್ನು ಪ್ರಯತ್ನಿಸಬೇಕು.

ಕರಾವಳಿಯವರು ಇನ್ನೊಂದು ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಈ ಪ್ರದೇಶದಲ್ಲಿ ಲೆನ್ಸಿನ ಗಾಜಿನ ಒಳಮೈಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಒಮ್ಮೆ ಹಬ್ಬಿದರೆ ಬಿಚ್ಚಿ ಶುಚಿಗೊಳಿಸುವುದು ಸುಲಭವಲ್ಲ. ಚರ್ಮದ ಚೀಲದಲ್ಲಿಟ್ಟು ಕಪಾಟಿನ ಕತ್ತಲೆಯಲ್ಲಿ ಮರೆಯುವ ಬದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಅದು ತೇವ ಹೀರಿದಾಗಲೆಲ್ಲ ಬಿಸಿ ಮಾಡಿ ಒಣಗಿಸುತ್ತಿರಬೇಕು. ಬೀಜದ ಡಬ್ಬಿಗೂ ಇದೇ ಉಪಚಾರ ಬೇಕಾಗಿರುವುದರಿಂದ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವುದು ಕಷ್ಟವಲ್ಲ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬೀಜದ ಚಿತ್ರ ತೆಗೆಯುವವರು ಮ್ಯಾಕ್ರೋ ಲೆನ್ಸ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನಗತ್ಯ.

ಕಂಪ್ಯೂಟರಿಗೆ ತಂತಿಯಿಂದ ಜೋಡಿಸುವ ಅಗ್ಗದ ಯುಎಸ್‌ಬಿ ಸೂಕ್ಷ್ಮದರ್ಶಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ 1000 ಪಟ್ಟು ಎಂದು ಬರೆದಿದ್ದರೂ ಅದನ್ನು ನಂಬಬೇಕಾಗಿಲ್ಲ. ಅದರ ಸುತ್ತಲಿನ ಎಲ್‌ಇಡಿ ದೀಪಗಳು ಹರಿವೆಯಂಥ ಹೊಳೆಯುವ ಬೀಜದ ಮೇಲೆ ಬಿಳಿ ಚುಕ್ಕೆಗಳ ಬಳೆಯನ್ನೇ ಮೂಡಿಸುತ್ತವೆ. ಮಕ್ಕಳಿಗೆ ತೋರಿಸಲು ಒಳ್ಳೆಯದು, ಸಂಗ್ರಹಕ್ಕೆ ಅಲ್ಲ.

ಹಿನ್ನೆಲೆ, ಬೆಳಕು, ಅಳತೆ

ಬಿಳಿ ಕಾಗದದ ಮೇಲೆ ಸೌತೆ, ಮುಳ್ಳುಸೌತೆ, ಮೆಣಸುಗಳ ಅಂಚು ಕರಗಿಹೋಗುತ್ತದೆ. ಕಪ್ಪಿನ ಮೇಲೆ ಹರಿವೆ, ಹೀರೆಗಳು ಕಾಣೆಯಾಗುತ್ತವೆ. ಎಲ್ಲ ಬೀಜಗಳಿಗೂ ಒಂದೇ ಹಿನ್ನೆಲೆ ಬೇಕೆಂದರೆ ಹೊಳಪಿಲ್ಲದ ಮಂಕು ನೀಲಿ ಅಥವಾ ನಡುಬೂದು ಬಣ್ಣದ ಕಾಗದವೇ ಸರಿ, ಏಕೆಂದರೆ ನೀಲಿ ಬಣ್ಣದ ತರಕಾರಿ ಬೀಜ ಸಹಜವಾಗಿ ಇರುವುದಿಲ್ಲ. ಬಾಳೆ ಎಲೆಯ ಮೇಲೆ ಹರಡಿದ ಬೀಜಗಳು ಕಣ್ಣಿಗೆ ಹಬ್ಬವಾದರೂ ಎಲೆಯ ಹೊಳಪು ಮತ್ತು ಹಸಿರು ಛಾಯೆ ಬೀಜದ ಬಣ್ಣವನ್ನು ಕೆಡಿಸುತ್ತವೆ.

ಬಣ್ಣ ಕೆಡುವುದಕ್ಕೆ ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ. ಕಾವಿ ಬಣ್ಣದ ನೆಲವಿರುವ ಚಾವಡಿಯಲ್ಲಿ ಬಾಗಿಲಿನಿಂದ ಬಂದ ಬೆಳಕು ನೆಲಕ್ಕೆ ತಾಗಿ ಕೆಂಪಾಗಿ ಮೇಲೇಳುತ್ತದೆ, ಬದನೆಯ ಬೀಜ ಕಿತ್ತಳೆಯಾಗಿ ಕಾಣುತ್ತದೆ. ಮೇಜಿನ ಕೆಳಗೂ ಪಕ್ಕದಲ್ಲೂ ಬಿಳಿ ಪಂಚೆ ಹಾಸಿದರೆ ಈ ತೊಂದರೆ ತಪ್ಪುತ್ತದೆ. ಹಂಚಿನ ಮಾಡಿನ ನಡುವಿನ ಗಾಜಿನ ಹಂಚಿನಿಂದ ಇಳಿಯುವ ನೇರ ಬಿಸಿಲಿನಲ್ಲಿ ನೆರಳು ತೀರ ಕಪ್ಪಾಗುವುದರಿಂದ ಅಲ್ಲಿ ತೆಗೆಯಬಾರದು. ಮಳೆಗಾಲದ ಮೋಡದ ಬೆಳಕು ಮೃದುವಾಗಿದ್ದು ಬಣ್ಣವನ್ನು ನಿಜವಾಗಿ ತೋರಿಸುತ್ತದೆ. ಪ್ರಮಾಣ ಕಡಿಮೆಯಿರುವುದರಿಂದ ಮೊಬೈಲನ್ನು ಅಲುಗಾಡದಂತೆ ಇಡುವುದೊಂದೇ ಆಗಬೇಕಾದ ಕೆಲಸ. ಉತ್ತರದ ಕಿಟಕಿಯ ಪಕ್ಕದಲ್ಲಿ ಮೇಜಿಟ್ಟು, ಎದುರು ಬದಿಗೆ ಬಿಳಿ ರಟ್ಟನ್ನು ನಿಲ್ಲಿಸಿದರೆ ಬೇರೆ ದೀಪವೇ ಬೇಡ.

ಅಳತೆಗೆ ನಾಣ್ಯವಿಡುವ ರೂಢಿಯನ್ನು ಬಿಡುವುದು ಒಳ್ಳೆಯದು. 2011ರ ಸರಣಿಯ ಒಂದು ರೂಪಾಯಿ ನಾಣ್ಯದ ವ್ಯಾಸ ಸುಮಾರು 22 ಮಿಲಿಮೀಟರ್, 2019ರ ಸರಣಿಯದು 20. ಚಿತ್ರದಲ್ಲಿ ಯಾವ ಸರಣಿಯದೆಂದು ನೋಡುವವರಿಗೆ ತಿಳಿಯದಿದ್ದರೆ ಅಳತೆಯೇ ಸಂಶಯಕ್ಕೆ ಬೀಳುತ್ತದೆ. ಪುಸ್ತಕದಂಗಡಿಯಲ್ಲಿ ಸಿಗುವ ಮಿಲಿಮೀಟರ್ ಗೆರೆಗಳ ಗ್ರಾಫ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಬೀಜಗಳ ಪಕ್ಕದಲ್ಲಿಟ್ಟರೆ ಯಾರೂ ಯಾವುದನ್ನೂ ಊಹಿಸಬೇಕಾಗಿಲ್ಲ. ಅದೇ ಪಟ್ಟಿಯಿಂದ ನಿಮ್ಮ ಮೊಬೈಲಿನಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಸಿಗುತ್ತದೆಂದೂ ಎಣಿಸಿಕೊಳ್ಳಬಹುದು, ಹೊಸ ಮಸೂರ ಬೇಕೋ ಬೇಡವೋ ಎಂಬುದು ಆಗಲೇ ನಿರ್ಧಾರವಾಗುತ್ತದೆ.

ಮನೆಯಲ್ಲಿ ಬೂದಿ ಬೆರೆಸಿ ಇಟ್ಟ ಬೀಜವಾದರೆ ಮೃದುವಾದ ಬಣ್ಣದ ಕುಂಚದಿಂದ ಬೂದಿಯನ್ನು ಒರೆಸಬೇಕು, ತೊಳೆಯಬಾರದು. ಅಂಗಡಿಯ ಬೀಜಗಳ ಮೇಲಿನ ಗುಲಾಬಿ, ಹಸಿರು ಅಥವಾ ನೀಲಿ ಲೇಪ ಸಾಮಾನ್ಯವಾಗಿ ಶಿಲೀಂಧ್ರನಾಶಕದ್ದಾಗಿರುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟದೆ ಚಿಮಟದಿಂದ ಎತ್ತಿಡಬೇಕು, ಮತ್ತು ಆ ಬಣ್ಣ ಬೀಜದ್ದಲ್ಲವೆಂದು ಚಿತ್ರದ ಅಡಿಯಲ್ಲಿ ಹೇಳಬೇಕು.

ಚಿತ್ರಕ್ಕೆ ನಿಲುಕದ್ದು

ಎಲೆಕೋಸು, ಹೂಕೋಸು, ನವಿಲುಕೋಸು ಇವು ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ; ಅವುಗಳ ಬೀಜಗಳನ್ನು ಯಾವ ಲೆನ್ಸೂ ಬೇರ್ಪಡಿಸಿ ತೋರಿಸಲಾರದು. ಕಟಪಾಡಿ ಸಮೀಪದ ಮಟ್ಟುವಿನ ಗುಳ್ಳ ಎಂಬ ಬದನೆ ತಳಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ, ಸೋದೆ ಮಠದ ವಾದಿರಾಜರು ಅದರ ಬೀಜವನ್ನು ಕೊಟ್ಟರೆಂಬ ನಂಬಿಕೆ ಊರಿನಲ್ಲಿ ಇಂದಿಗೂ ಜೀವಂತವಾಗಿದೆ. ಆದರೂ ಮಟ್ಟು ಗುಳ್ಳದ ಬೀಜವನ್ನು ಬೇರೆ ಬದನೆಯ ಬೀಜದ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಇದು ಗುಳ್ಳ, ಇದಲ್ಲ ಎಂದು ಹೇಳಲು ಸಾಧ್ಯವಿಲ್ಲ. ಬೀಜದ ಚಿತ್ರ ಪ್ರಭೇದವನ್ನು ತೋರಿಸೀತು, ತಳಿಯನ್ನು ಅಲ್ಲ. ಗುಳ್ಳದ ಬೀಜವೆಂದು ನಂಬಿಸಿ ಮಾರುವವರ ಮಾತಿಗೆ ಚಿತ್ರವನ್ನು ಸಾಕ್ಷಿಯಾಗಿ ಒಪ್ಪಬಾರದೆಂದು ಹೊಸಬರಿಗೆ ಸ್ಪಷ್ಟವಾಗಿ ತಿಳಿಸುವುದು ನಮ್ಮ ಹೊಣೆ. ಇಂಥಲ್ಲಿ ಬೀಜ ಎಲ್ಲಿಂದ, ಯಾರ ಗಿಡದಿಂದ, ಯಾವ ವರ್ಷ ಬಂತು ಎಂಬ ಬರವಣಿಗೆಯೇ ಚಿತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಹಸಿರು ಹರಿವೆ ಮತ್ತು ಕೆಂಪು ಹರಿವೆಗಳ ಬೀಜಗಳೂ ಒಂದೇ ಕಪ್ಪು. ಆದರೆ ಇಲ್ಲಿ ದಾರಿಯಿದೆ: ಗೆರಟೆಯಲ್ಲಿ ಮಣ್ಣು ತುಂಬಿ ಒಂದು ಚಿಟಿಕೆ ಬಿತ್ತಿದರೆ ಕೆಲವೇ ದಿನಗಳಲ್ಲಿ ಮೊಳಕೆಯ ಕಾಂಡದ ಬಣ್ಣ ತಾನೇ ಹೇಳುತ್ತದೆ. ಆದ್ದರಿಂದ ಸಂಗ್ರಹದಲ್ಲಿ ಬೀಜದ ಚಿತ್ರದ ಪಕ್ಕದಲ್ಲೇ ಬೀಜದೆಲೆಗಳ ಹಂತದ ಮೊಳಕೆಯ ಚಿತ್ರಕ್ಕೂ ಜಾಗ ಬಿಡಬೇಕು. ಬಸಳೆಯ ಒಣಗಿದ ಕಾಯಿ ಕಾಳುಮೆಣಸಿನಂತೆ ಕಂಡು ಹೊಸಬರನ್ನು ಗೊಂದಲಕ್ಕೀಡುಮಾಡುವುದರಿಂದ ಅದಕ್ಕೂ ಮೊಳಕೆಯ ಚಿತ್ರ ಬಹಳ ಸಹಾಯಕ.

ಯಾರಿಗೆ ಯಾವುದು

ತಾರಸಿಯಲ್ಲಿ ಹತ್ತಿಪ್ಪತ್ತು ಕುಂಡಗಳನ್ನಿಟ್ಟುಕೊಂಡು ನೆರೆಹೊರೆಯವರೊಂದಿಗೆ ಬೀಜ ಹಂಚಿಕೊಳ್ಳುವವರಿಗೆ ಮೊಬೈಲ್, ಗ್ರಾಫ್ ಪಟ್ಟಿ, ನೀಲಿ ಕಾಗದ ಮತ್ತು ಕಿಟಕಿ ಸಾಕು. ಹರಿವೆ, ಸಾಸಿವೆ, ಕಾಮಕಸ್ತೂರಿಗಳಂಥ ಸಣ್ಣ ಬೀಜಗಳು ಹೆಚ್ಚಿದ್ದರೆ ಕ್ಲಿಪ್ ಲೆನ್ಸ್ ಸೇರಿಸಿಕೊಳ್ಳಲಿ. ಶಾಲೆಯ ಕೈತೋಟ, ಮಹಿಳಾ ಸಂಘ, ಬೀಜ ವಿನಿಮಯದ ಗುಂಪುಗಳಂತೆ ಹಲವರು ಸೇರಿ ಹಲವು ವರ್ಷ ಬೆಳೆಸುವ ಸಂಗ್ರಹಕ್ಕೆ ಸ್ಕ್ಯಾನರ್, ಸಾಧ್ಯವಾದರೆ ಸಿಸಿಡಿ ಬಗೆಯದು, ಉರುಟು ಬೀಜಗಳಿಗೆ ಜೊತೆಗೊಂದು ಮೊಬೈಲ್. ಪುಸ್ತಕ ಅಥವಾ ಭಿತ್ತಿಚಿತ್ರ ಮುದ್ರಿಸುವ ಉದ್ದೇಶವಿದ್ದರೆ ಮಾತ್ರ ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್. ಯಾವುದನ್ನೇ ಆರಿಸಿದರೂ ಒಂದು ಚೌಕಟ್ಟಿನಲ್ಲಿ ಗೊಂದಲ ಹುಟ್ಟಿಸುವ ಎರಡೂ ಬೀಜಗಳು ಪಕ್ಕಪಕ್ಕದಲ್ಲಿ ಇರುವ ಒಂದು ಚಿತ್ರವನ್ನಂತೂ ತಪ್ಪದೆ ತೆಗೆಯಬೇಕು.

ಹೆಸರಿನ ಚೀಟಿಯಲ್ಲಿ ಕನ್ನಡದ ಹೆಸರಿನೊಂದಿಗೆ ತುಳುವಿನದನ್ನೂ ಬರೆಯಿರಿ. ಹೀರೆಯನ್ನು ಪೀರೆಯೆಂದೂ ಹರಿವೆಯನ್ನು ಪದ್ಪೆಯೆಂದೂ ಹುಡುಕುವವರು ಇಲ್ಲಿ ಬಹಳ ಮಂದಿ ಇದ್ದಾರೆ. ಚೀಟಿಯನ್ನು ಪೆನ್ಸಿಲಿನಿಂದ ಬರೆದು ಚೌಕಟ್ಟಿನ ಒಳಗೇ ಇಟ್ಟು ಚಿತ್ರ ತೆಗೆದರೆ ಚಿತ್ರ ಯಾರ ಮೊಬೈಲಿಗೆ ಹೋದರೂ ಹೆಸರು ಅದರಿಂದ ಬೇರೆಯಾಗುವುದಿಲ್ಲ. ಕಳುಹಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಗಾತ್ರ ಕುಗ್ಗಿ ಟೊಮೆಟೊದ ರೋಮ, ಹೀರೆಯ ಗುಳಿಗಳು ಮೊದಲು ಮಾಯವಾಗುತ್ತವೆ. ಡಾಕ್ಯುಮೆಂಟ್ ಎಂದು ಆಯ್ದು ಕಳುಹಿಸಿದರೆ ತೆಗೆದ ಚಿತ್ರ ತೆಗೆದಂತೆಯೇ ತಲುಪುತ್ತದೆ.